ಬಾಗಿಲು ತೆರೆಯುವ ಮೊದಲೇ ಬರೆದ ಎಪ್ಪತ್ತೆರಡು

ಪರವಾನಗಿಗೆ ಸಹಿ ಹಾಕುವ ಮಾನ್ಯರೇ,

ನೀವು ಪರವಾನಗಿ ಕೊಟ್ಟ ಸಂತಾನ ಚಿಕಿತ್ಸಾಲಯವೊಂದು ಐದು ವಾರಗಳಿಂದ ಬೀಗ ಹಾಕಿಕೊಂಡು ಕೂತಿದೆ. ಒಳಗಿನ ಶೀತಲ ಟ್ಯಾಂಕಿನಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಮೂರು ಭ್ರೂಣಗಳಿವೆ. ಇವೆಯೋ, ಇದ್ದವೋ ಎಂಬುದೇ ನನ್ನ ಪ್ರಶ್ನೆ. ಟ್ಯಾಂಕಿಗೆ ಆಗಾಗ ದ್ರವ ಸಾರಜನಕ ತುಂಬುತ್ತಿರಬೇಕು, ತಪ್ಪಿದರೆ ಒಳಗಿರುವುದು ಉಳಿಯುವುದಿಲ್ಲ ಎಂದು ಅಲ್ಲಿನ ನರ್ಸ್ ಒಮ್ಮೆ ಹೇಳಿದ್ದರು. ಈಗ ಯಾರು ತುಂಬುತ್ತಿದ್ದಾರೆ? ನಿಮ್ಮ ಕಚೇರಿಗೆ ನಾಲ್ಕು ಸಲ ಅಲೆದೆ. "ಲೈಸೆನ್ಸ್ ಇನ್ನೂ ಎರಡು ವರ್ಷ ಇದೆಯಲ್ರೀ, ಯಾಕೆ ಗಾಬರಿ?" ಎಂದರು ನಿಮ್ಮ ಗುಮಾಸ್ತರು. ಪರವಾನಗಿಯಾದರೂ ಜೀವಂತವಾಗಿದೆಯಲ್ಲ ಎಂದು ಬಹಳ ಸಮಾಧಾನವಾಯಿತು.

ನಾನು ಬೋರ್ಡ್ ಬರೆಯುವವನು. ಆ ಚಿಕಿತ್ಸಾಲಯದ ಬೋರ್ಡೂ ನನ್ನ ಕೈಯದೇ. ಆಗ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದರು, ಒಬ್ಬ ರೋಗಿಯೂ ಮೆಟ್ಟಿಲು ಹತ್ತಿರಲಿಲ್ಲ. ವ್ಯವಸ್ಥಾಪಕರು ಕೊಟ್ಟ ಚೀಟಿಯಲ್ಲಿ 'ಯಶಸ್ಸು: ನೂರಕ್ಕೆ ಎಪ್ಪತ್ತೆರಡು' ಎಂದಿತ್ತು. "ಇನ್ನೂ ಶುರುನೇ ಆಗಿಲ್ವಲ್ಲ ಸರ್?" ಎಂದೆ. "ಎಪ್ಪತ್ತು ಅಂದ್ರೆ ಬುರುಡೆ ಅನ್ಸುತ್ತೆ ಕಣಪ್ಪ. ಎಪ್ಪತ್ತೆರಡು ಅಂದ್ರೆ ಯಾರೋ ಕೂತು ಲೆಕ್ಕ ಹಾಕಿದಂಗಿರುತ್ತೆ" ಎಂದರು. ಇಬ್ಬರೂ ನಕ್ಕೆವು. ಕೆಂಪು ಬಣ್ಣದಲ್ಲಿ, ರಸ್ತೆಯಾಚೆಗೂ ಕಾಣುವಂತೆ ಬರೆದೆ.

ಎರಡು ವರ್ಷದ ನಂತರ ನಮಗೇ ಚಿಕಿತ್ಸೆ ಬೇಕಾಯಿತು. ಮೊದಲು ಹೋದದ್ದು ಸಂಖ್ಯೆಯೇ ಇಲ್ಲದ ಬೋರ್ಡಿನ ಸಣ್ಣ ಚಿಕಿತ್ಸಾಲಯಕ್ಕೆ. ಅಲ್ಲಿನ ಡಾಕ್ಟರಮ್ಮ, "ಮೊದ್ಲು ಇಬ್ರಿಗೂ ಪರೀಕ್ಷೆ ಮಾಡೋಣ. ಮಾತ್ರೆಯಲ್ಲೇ ಆಗ್ಬಹುದು, ವೀರ್ಯವನ್ನ ಗರ್ಭಕೋಶಕ್ಕೆ ಸೇರಿಸೋ ಸಣ್ಣ ವಿಧಾನನೂ ಇದೆ. ಭ್ರೂಣನ ಹೊರಗಡೆ ಬೆಳೆಸಿ ಒಳಗಿಡೋ ಐವಿಎಫ್ ಬೇಕಾ ಅನ್ನೋದು ಆಮೇಲೆ. ನಲವತ್ತರ ಹತ್ರ ಇದ್ದೀರಮ್ಮ, ಖಂಡಿತ ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ" ಎಂದರು.

ಹೊರಗೆ ಬಂದ ಹೆಂಡತಿಗೆ ಅಸಮಾಧಾನ. "ಎಷ್ಟು ಜನಕ್ಕೆ ಆಗಿದೆ ಅಂತ ಕೇಳಿದ್ರೆ, ಒಬ್ಬೊಬ್ರದ್ದು ಒಂದೊಂದು ಥರ ಅಂತಾರೆ. ಆ ಕೆಂಪು ಬೋರ್ಡಿನೋರು ಧೈರ್ಯವಾಗಿ ಬರ್ಸಿದಾರೆ ನೋಡಿ!"

ಅದನ್ನು ಬರೆದವನು ನಾನೇ ಎಂದು ಅವಳಿಗೆ ಹೇಳಲಿಲ್ಲ. ಹೆದರಿಕೆಯಿಂದಲ್ಲ, ಮಾನ್ಯರೇ. ದಿನವೂ ಆ ಬೋರ್ಡಿನ ಕೆಳಗೆ ಓಡಾಡಿ ಓಡಾಡಿ ನನಗೂ ಅದು ನಿಜವೆನಿಸತೊಡಗಿತ್ತು. ನನ್ನ ಕೈಬರಹವನ್ನೇ ನಾನು ನಂಬಿದೆ. ಇಂಥ ಪೆದ್ದುತನ ನನ್ನ ಕಸುಬಿನವನಿಗೆ ಮಾತ್ರ ಸಾಧ್ಯ.

ಕೆಂಪು ಬೋರ್ಡಿನವರಲ್ಲಿಗೇ ಹೋದೆವು. ಅಲ್ಲಿ ಬೇರೆ ದಾರಿಗಳ ಮಾತೇ ಎತ್ತದೆ ಮೊದಲ ದಿನವೇ ಐವಿಎಫ್‌ಗೆ ಸಹಿ ಹಾಕಿಸಿಕೊಂಡರು. ಎಪ್ಪತ್ತೆರಡೆಂದರೆ ಎಪ್ಪತ್ತೆರಡು ಮಕ್ಕಳೋ, ಬರೀ ಬಸಿರು ನಿಂತ ಲೆಕ್ಕವೋ, ಯಾವ ವಯಸ್ಸಿನವರದೋ ಎಂದು ನಾವೂ ಕೇಳಲಿಲ್ಲ. ಗೋಡೆಯ ಮೇಲೆ ತೂಗುಹಾಕಿದ ಪರವಾನಗಿಯಲ್ಲಿ ನಿಮ್ಮ ಸಹಿ ಇತ್ತಲ್ಲ! ನಾಲ್ಕು ಭ್ರೂಣಗಳಾದವು. ಒಂದನ್ನು ಗರ್ಭದೊಳಗಿಟ್ಟರು, ನಿಲ್ಲಲಿಲ್ಲ. ಉಳಿದ ಮೂರು ಟ್ಯಾಂಕು ಸೇರಿದವು. ಅವಳಿಗೀಗ ನಲವತ್ತೊಂದು. ಮತ್ತೆ ಮೊದಲಿನಿಂದ ಶುರು ಮಾಡಿದರೆ ಅಷ್ಟು ಸಿಗುವುದು ಕಷ್ಟ ಎನ್ನುತ್ತಾರೆ.

ಕಳೆದ ಗುರುವಾರ ಅದೇ ವ್ಯವಸ್ಥಾಪಕರ ಫೋನು. ಬೇರೆ ರಸ್ತೆ, ಬೇರೆ ಹೆಸರು, ಹೊಸ ಚಿಕಿತ್ಸಾಲಯ. ನಾನು ಅವರ ರೋಗಿಯೊಬ್ಬಳ ಗಂಡನೆಂದು ಅವರಿಗೆ ನೆನಪಿರಲಿಲ್ಲ. "ನಿಮ್ಮ ಕೈಯೇ ಬೇಕು ಅಂತ ಕರೆಸ್ದೆ" ಎಂದು ಚೀಟಿ ಕೊಟ್ಟರು. ಈ ಸಲ ಎಂಬತ್ತೊಂದು.

"ಹಳೇ ಜಾಗದ ಸಾಮಾನೆಲ್ಲ ಏನಾಯ್ತು ಸರ್?"

"ಗುಜರಿಗೆ ಹೋಗೋದು ಹೋಯ್ತು. ಮಿಕ್ಕಿದ್ದು ಅಲ್ಲೇ ಬಿದ್ದಿದೆ."

ಟ್ಯಾಂಕು ಈ ಎರಡರಲ್ಲಿ ಯಾವುದಕ್ಕೆ ಸೇರಿತೆಂದು ಕೇಳದೆ ಚೀಟಿ ಜೇಬಿಗಿಳಿಸಿದೆ. ಗೋಡೆಗೆ ಒರಗಿಸಿದ್ದ ಹೊಸ ಪರವಾನಗಿಯ ಚೌಕಟ್ಟಿನಲ್ಲಿ ನಿಮ್ಮ ಸಹಿ ಹೊಳೆಯುತ್ತಿತ್ತು.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. "ಆ ಎಪ್ಪತ್ತೆರಡು ನೀವೇ ಬರ್ದಿದ್ದಾ?" ಎಂದಷ್ಟೇ ಕೇಳಿದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ನನ್ನ ತಪ್ಪಿಗೆ ಶಿಕ್ಷೆ ಶುರುವಾಗಿದೆ. ನಿಮ್ಮದಕ್ಕೆ?

ಇಂದೇ ಬಂದು ಆ ಬೀಗ ಒಡೆಸಿ. ನಮ್ಮೆದುರಿಗೇ ಟ್ಯಾಂಕು ತೆರೆಸಿ, ಮೂರೂ ಇವೆಯೇ ಎಂದು ಹೇಳಿ. ನಿಜವಾಗಿ ಹುಟ್ಟಿ ಮನೆಗೆ ಹೋದ ಮಕ್ಕಳನ್ನು ನಿಮ್ಮ ಕಚೇರಿ ಎಣಿಸುವವರೆಗೆ ಯಾವ ಬೋರ್ಡಿನ ಮೇಲೂ ಸಂಖ್ಯೆ ಬರೆಯಲು ಬಿಡಬೇಡಿ. ಹೊಸ ಬೋರ್ಡಿನಲ್ಲಿ ಹೆಸರು ಬರೆದು, ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದೇನೆ. ನಾನು ಬರೆಯದಿದ್ದರೆ ಸೋಮವಾರದೊಳಗೆ ಇನ್ನೊಬ್ಬ ಬರೆಯುತ್ತಾನೆ. ನಿನ್ನೆ ಏಣಿ ಇಳಿಯುವಾಗ ಫುಟ್‌ಪಾತಿನಲ್ಲಿ ನಿಂತಿದ್ದ ಹೆಂಗಸೊಬ್ಬರು ತಲೆಯೆತ್ತಿ ಕೇಳಿದರು: "ಯಾವಾಗ ಶುರುವಾಗುತ್ತೆ ಅಣ್ಣಾ?"

ಇಂತಿ,
ಅವರಿಗೂ ಉತ್ತರ ಕೊಡದೆ ಬಂದ,
ಅಕ್ಷರ ಮಾತ್ರ ದುಂಡಗಿರುವ ಬೋರ್ಡಿನವನು