ಆ ದಿನ ನನ್ನ ಕಾವಲಿ ತಣ್ಣಗಿತ್ತು

ಮೇಲಿನ ಕೋರ್ಟಿನ ಮಾನ್ಯ ನ್ಯಾಯಾಧೀಶರೇ,

ಒಂದೇ ಒಂದು ಏಟಿಗೆ ಒಂದು ವರ್ಷದ ಕಠಿಣ ಸಜೆ ಜಾಸ್ತಿಯಾಯಿತು. ಅಪೀಲು ನಿಮ್ಮ ಮುಂದಿದೆ. ಬಾಯಿ ಮುಚ್ಚಿಕೊಂಡಿರಿ ಎಂದು ವಕೀಲರು ಹೇಳಿದ್ದಾರೆ. ಅದು ನನ್ನಿಂದ ಆಗುವ ಕೆಲಸವಾಗಿದ್ದರೆ ಈ ಸಜೆಯೇ ಆಗುತ್ತಿರಲಿಲ್ಲ.

ನಾನು ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಎರೆಯುತ್ತಿದ್ದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕಾವಲಿಯ ಮುಂದೆ. ಎಣ್ಣೆ ಕುಡಿದು ಕುಡಿದು ಕಪ್ಪಾದ ಕಾವಲಿಯನ್ನು ಒರೆಸಬಹುದು, ತೊಳೆಯಬಾರದು; ತೊಳೆದರೆ ದೋಸೆ ಏಳುವುದಿಲ್ಲ. ಧಣಿಯ ಅಳಿಯ ಅಕ್ಷಯ, ನಲವತ್ತು ದಾಟಿದ ಗಂಡಸು, ಒಂದು ಬೆಳಿಗ್ಗೆ ಅದನ್ನು ಸೋಪು ಹಾಕಿ ಉಜ್ಜಿಬಿಟ್ಟ. "ಅಣ್ಣಾ, ಎಷ್ಟು ಕ್ಲೀನ್ ಆಯ್ತು ನೋಡಿ!" ಎಂದ. ನನ್ನ ಕೈಯಲ್ಲಿದ್ದ ಕಬ್ಬಿಣದ ಸಟ್ಟುಗ ಅವನ ತೋಳಿಗೆ ಬಿತ್ತು. ಬಿತ್ತು ಎಂದರೆ ನಾನೇ ಬೀಸಿದೆ. ತಪ್ಪು ನನ್ನದು, ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಬಿಸಿ ಸಟ್ಟುಗದಲ್ಲಿ ಹೊಡೆದ ಎಂಬ ದೊಡ್ಡ ಸೆಕ್ಷನ್ನಿನ ಬಗ್ಗೆ. ನನ್ನನ್ನು ಬಚಾವು ಮಾಡಲೆಂದೇ ನಮ್ಮ ವಕೀಲರು ಕಟಕಟೆಯಲ್ಲಿ ನಿಂತ ನನ್ನನ್ನು ಕೇಳಿದರು: "ಚಾಚಾ, ತವಾ ಠಂಡಾ ಥಾ ನಾ?" ಕಾವಲಿ ತಣ್ಣಗಿದ್ದರೆ ಸಟ್ಟುಗವೂ ತಣ್ಣಗೇ; ಹೌದು ಎಂದಿದ್ದರೆ ಸಾಕಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಠಂಡಾ? ಮೇರಾ ತವಾ ಕಭೀ ಠಂಡಾ ನಹೀ ಹೋತಾ, ಸಾಬ್!" ನನ್ನ ಕಾವಲಿ ತಣ್ಣಗಾಗುವುದೇ ಇಲ್ಲ ಎಂದು ಗುಡುಗಿದೆ. ಟೈಪಿಸ್ಟ್ ಟಕಟಕ ಬರೆದುಕೊಂಡ. ಹಿಂದಿನ ಬೆಂಚಿನಲ್ಲಿ ನನ್ನ ಹೆಂಡತಿ ಸೇವಂತಿ ಹಣೆ ಬಡಿದುಕೊಂಡಳು: "ಜೈಲಿಗೆ ಹೋಗ್ಲಿಕ್ಕೂ ಜಂಭ ಬೇಕಾ ನಿಮ್ಗೆ?"

ಸ್ವಾಮಿ, ಆಗಷ್ಟೇ ತಣ್ಣೀರಲ್ಲಿ ತೊಳೆದ ಕಾವಲಿ ಬಿಸಿಯಿರುವುದು ಹೇಗೆ? ಬಿಸಿಯಿದ್ದರೆ ಅಕ್ಷಯ ಬರಿಗೈಯಲ್ಲಿ ಉಜ್ಜುತ್ತಿದ್ದನೇ? ಅವನ ತೋಳು ಬಾತುಕೊಂಡಿತು, ನಿಜ; ಒಂದು ಬೊಬ್ಬೆಯಾದರೂ ಎದ್ದಿತೇ? ಕಾನೂನು ಓದಿದ ಇಷ್ಟು ಜನರಿಗೆ ಇದು ಹೊಳೆಯಲಿಲ್ಲವೇ ಎಂದು ನಗೋಣವೆಂದರೆ, ಒಲೆಯ ಮುಂದೆಯೇ ಮುದುಕನಾದ ನನಗೂ ಹೊಳೆಯಲಿಲ್ಲವಲ್ಲ!

ಹೊಡೆದದ್ದಕ್ಕೆ ಶಿಕ್ಷೆ ಕೊಡಿ. ಜಂಭಕ್ಕೆ ಕೊಟ್ಟದ್ದನ್ನು ಮಾತ್ರ ಕಳೆಯಿರಿ; ಅದನ್ನು ಜಾಮೀನಿನಲ್ಲಿದ್ದುಕೊಂಡೇ ಅನುಭವಿಸುತ್ತಿದ್ದೇನೆ. ಹಾಳಾಯಿತೆಂದು ನಾನು ಬೊಬ್ಬಿಟ್ಟ ಕಾವಲಿಯನ್ನು ಅಕ್ಷಯ ಅರ್ಧ ಈರುಳ್ಳಿಯಲ್ಲಿ ಎಣ್ಣೆ ತಿಕ್ಕಿ ತಿಕ್ಕಿ ಪಳಗಿಸಿದ್ದಾನೆ. ಈಗ ದೋಸೆ ಎರೆಯುವವನೂ ಅವನೇ. ಮೊನ್ನೆ ಹೋಟೆಲಿಗೆ ಹೋದಾಗ ಒಂದು ತಂದಿಟ್ಟ. "ಹೇಗಾಗಿದೆ, ಅಣ್ಣಾ?" ಅಂಚು ಗರಿಗರಿ, ನಡು ಮೆತ್ತಗೆ. "ಉಪ್ಪು ಕಮ್ಮಿ" ಎಂದೆ.

ಕಮ್ಮಿ ಇರಲಿಲ್ಲ, ಸ್ವಾಮಿ. ಇದನ್ನೂ ಟೈಪ್ ಮಾಡಿಸಿಕೊಳ್ಳಿ.

ಇಂತಿ,
ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿ ಬಂದ
ಚೆನ್ನಯ, ಭಾಂಡುಪ್