ಖಾಲಿ ಎಂದು ನಾನು ಸಹಿ ಹಾಕಿದ ಜಮೀನು

ಮಾನ್ಯ ಭೂ ಹಂಚಿಕೆ ಅಧಿಕಾರಿಗಳೇ,

ಮೂರು ವಾರದಿಂದ ನನಗೆ ಒಂದೇ ಕೆಟ್ಟ ಕನಸು. ನಿಮ್ಮ ಕೊಮ್ಯೂನ್ ಎಂಬ ಪುರಸಭೆಯ ಕಚೇರಿಯಲ್ಲಿ ಹಿಮಸಾರಂಗಗಳು ಸರದಿ ಚೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾಲಾಗಿ ನಿಂತಿವೆ. ಕೌಂಟರಿನ ಒಳಗೆ ನೀವಿಲ್ಲ, ನಾನಿದ್ದೇನೆ. ಒಂದೊಂದನ್ನೇ ಕರೆದು, "ನಿಮ್ಮ ಹೆಸರಲ್ಲಿ ಏನೂ ಇಲ್ಲ, ಮುಂದಿನವರು ಬನ್ನಿ" ಎನ್ನುತ್ತಿದ್ದೇನೆ. ಹೋಟೆಲಿನ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಒಂದು ಗಂಟೆ ಕಣ್ಣು ಮುಚ್ಚುತ್ತಿದ್ದವಳಿಗೆ ಈಗ ಅದೂ ಇಲ್ಲ. ನನ್ನ ದೂರು ಇಷ್ಟೇ. ಉತ್ತರದ ಜಮೀನನ್ನು ಹೊರದೇಶದಿಂದ ಬಂದ ರೈತರಿಗೆ ಕೊಡುವ ನಿಮ್ಮ ಷರತ್ತುಗಳಲ್ಲಿ ಒಂದು ಸುಳ್ಳಿದೆ. ಅದನ್ನು ನೀವು ಹೇಳಿಲ್ಲ, ನನ್ನ ಕೈಯಿಂದ ಹೇಳಿಸಿದ್ದೀರಿ. ಆ ಸಹಿ ನನಗೆ ವಾಪಸ್ ಬೇಕು.

ಇದನ್ನು ನಿಮಗೆ ಅರ್ಥವಾಗದ ಭಾಷೆಯಲ್ಲಿ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಮೊದಲು ಅಚ್ಚು ಹಾಕಿಸುತ್ತಿರುವುದಕ್ಕೆ ಕಾರಣವಿದೆ. ಸ್ವೀಡಿಷ್‌ಗೆ ನನ್ನ ಮಗಳು ಇರಾ ಮಾಡಿಕೊಡುತ್ತಾಳೆ. ಅವಳು ಇಲ್ಲೇ ಬೆಳೆದವಳು, ನನ್ನ ಸಿಟ್ಟನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಮಡಿಸಿಬಿಡುತ್ತಾಳೆ. ನಿಮಗೆ ತಲುಪುವುದು ಆ ಪ್ರತಿ. ಇದು ಅಸಲು. ಎರಡನೆಯದಾಗಿ, ನನ್ನ ಹಾಗೆಯೇ ಸಹಿ ಹಾಕಿದ ಇನ್ನೂ ಆರು ಕನ್ನಡದ ಮನೆಗಳಿವೆ. ಅವರೂ ಓದಲಿ.

ಫೆಬ್ರವರಿಯಲ್ಲಿ ಕೂಟದ ಅಶ್ವತ್ಥ ನಿಮ್ಮ ಬಣ್ಣದ ಕರಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಅಕ್ಕಾ, ಮೂರು ಹೆಕ್ಟೇರ್! ನಮ್ ಲೆಕ್ಕದಲ್ಲಿ ಏಳೂವರೆ ಎಕರೆ ಹತ್ರ. ಐದ್ ವರ್ಷ ಗುತ್ತಿಗೆ ದುಡ್ಡಿಲ್ಲ, ಹತ್ತು ವರ್ಷ ಆದ್ಮೇಲೆ ನಿಮ್ದೇ. ಈ ದೇಶದಲ್ಲಿ ಯಾರ್ ಕೊಡ್ತಾರೆ ಹೇಳಿ?" ಎಂದ. ಕರಪತ್ರದ ಮೊದಲ ಪುಟದಲ್ಲಿ ನೀವು ಬರೆದಿದ್ದಿರಿ: ಮುನ್ನೂರು ವರ್ಷಗಳ ಹಿಂದೆ ನಮ್ಮ ದೊರೆಗಳು ಉತ್ತರಕ್ಕೆ ಹೋಗಿ ನೆಲೆಸಿದ ರೈತರಿಗೆ ಹದಿನೈದು ವರ್ಷ ಕಂದಾಯ ಮಾಫಿ ಮಾಡಿದ್ದರು, ಆ ಹೆಮ್ಮೆಯ ಪರಂಪರೆಯನ್ನು ಮುಂದುವರಿಸಲು ನಿಮಗೆ ಸ್ವಾಗತ. ದೊರೆಗಳು ಹಾಗೆ ಧಾರಾಳವಾಗಿ ಹಂಚಿದಾಗಲೂ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನ ಹಿಮಸಾರಂಗ ಮೇಯಿಸಿಕೊಂಡು ಇದ್ದರಲ್ಲ, ಅದು ಯಾಕೆ ಬಿಟ್ಟುಹೋಯಿತು? ಜಾಗ ಸಾಲಲಿಲ್ಲವೇ? ಹಿಂದಿನ ಪುಟದಲ್ಲಿ ನಗುವ ಹಸುವಿನ ಚಿತ್ರಕ್ಕೆ ಅರ್ಧ ಪುಟ ಸಿಕ್ಕಿದೆ.

ಷರತ್ತುಗಳು ಹದಿಮೂರು. ಏಳನೆಯದು: ಮೊದಲ ಬೇಸಿಗೆಯೊಳಗೆ ಇಡೀ ಜಮೀನಿಗೆ ಬೇಲಿ ಹಾಕತಕ್ಕದ್ದು, ತಪ್ಪಿದರೆ ಕರಾರು ರದ್ದು. ಹನ್ನೊಂದನೆಯದು: ಹೊರಗಿನ ಜಾನುವಾರು ಬಂದರೆ ಸಂಬಂಧಪಟ್ಟವರೊಡನೆ ಅರ್ಜಿದಾರರೇ ಬಗೆಹರಿಸಿಕೊಳ್ಳತಕ್ಕದ್ದು, ಕೊಮ್ಯೂನ್ ಹೊಣೆಯಲ್ಲ. ಇವೆರಡಕ್ಕೂ ಮೊದಲು, ಸದ್ದಿಲ್ಲದೆ ಕೂತಿದೆ ನಾಲ್ಕನೆಯದು: "ನಾನು ಸ್ಥಳವನ್ನು ಖುದ್ದಾಗಿ ಪರಿಶೀಲಿಸಿದ್ದು, ಅದು ಯಾರ ಬಳಕೆಯಲ್ಲೂ ಇಲ್ಲವೆಂದು ದೃಢಪಡಿಸುತ್ತೇನೆ." ಅದರ ಕೆಳಗೆ ಗೆರೆ. ಗೆರೆಯ ಮೇಲೆ ನಾನು.

ಮನೆಯಿಂದ ಹೊರಟರೆ ಸ್ಟವ್ ಆರಿಸಿದೆನೇ ಎಂದು ಮೂರು ಸಲ ತಿರುಗಿ ನೋಡುವವಳು ನಾನು. ಬಸ್ ಕಾರ್ಡನ್ನು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಅಂಥವಳು ಇದಕ್ಕೆ ಹೇಗೆ ಸಹಿ ಹಾಕಿದೆ? ಹೇಳುತ್ತೇನೆ, ನಾಚಿಕೆಯಾದರೂ ಹೇಳುತ್ತೇನೆ. ನಮ್ಮ ಕಡೆ ಜಮೀನು ಮಂಜೂರಾಗುವಾಗ ಮಹಜರು ಎಂದು ಮಾಡುತ್ತಾರೆ. ಸ್ಥಳ ನೋಡಿದ್ದೇವೆ ಎಂದು ಅಧಿಕಾರಿ ಬರೆಯುತ್ತಾನೆ, ಊರಿನವರು ಕೆಳಗೆ ಸಹಿ ಹಾಕುತ್ತಾರೆ. ಯಾರೂ ಓದುವುದಿಲ್ಲ. ಇದೂ ಅದೇ ಅಂದುಕೊಂಡೆ. "ಒಂದ್ಸಲ ಓದೋಣ್ವಾ?" ಎಂದು ಕೇಳಿದ್ದಕ್ಕೆ ನನ್ನ ಗಂಡ ನಂದಕುಮಾರ, "ನಿಂಗೆ ಭಯ ಪಡಕ್ಕೆ ಒಂದು ನೆಪ ಬೇಕು ಕಣೇ. ಇದು ಸ್ವೀಡನ್, ಮಾಲೂರು ತಾಲ್ಲೂಕ್ ಆಫೀಸ್ ಅಲ್ಲ" ಎಂದರು. ಅವರು ಹೇಳಿದ್ದು ನಿಜ. ತಾಲ್ಲೂಕ್ ಆಫೀಸಿನಲ್ಲಿ ಸುಳ್ಳನ್ನು ಅಧಿಕಾರಿಯೇ ಬರೆದು ತಾನೂ ಸಹಿ ಹಾಕುತ್ತಾನೆ. ಅಷ್ಟು ಧೈರ್ಯವಾದರೂ ಅವನಿಗಿರುತ್ತದೆ.

ಮೇ ತಿಂಗಳಲ್ಲಿ ಹಿಮ ಕರಗಿದ ಮೇಲೆ ರೈಲು, ಆಮೇಲೆ ಎರಡು ಬಸ್ಸು ಹಿಡಿದು ನಾನೂ ಇರಾನೂ ಮೊದಲ ಸಲ ಜಮೀನು ನೋಡಲು ಹೋದೆವು. ಇರಾ ಫೋಟೋ ತೆಗೆಯುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ. ಎಲ್ಲಿ ಕಾಲಿಟ್ಟರೂ ಹಿಕ್ಕೆ. ಒಂದನ್ನು ಎತ್ತಿ ಮುರಿದು ನೋಡಿದೆ, ಆ ಚಳಿಗಾಲದ್ದೇ. "ಅಮ್ಮಾ, ಛೀ!" ಎಂದಳು ಮಗಳು. ಅಧಿಕಾರಿಗಳೇ, ನನಗೆ ನಿಮ್ಮ ನಕ್ಷೆ ಓದಲು ಬರುವುದಿಲ್ಲ. ಹಿಕ್ಕೆ ಓದಲು ಬರುತ್ತದೆ. ಅಲ್ಲಿ ಮೇಯ್ದದ್ದು ದಾರಿತಪ್ಪಿ ಬಂದ ಒಂದೆರಡಲ್ಲ, ಒಂದು ದೊಡ್ಡ ಮಂದೆ.

ಆ ಮಂದೆಯನ್ನು ಸಾಕುವ ಮನೆಯವಳು ಇಂಗಾ ಎಂಬ ಸಾಮಿ ಹೆಂಗಸು. ರಸ್ತೆ ಬದಿ ಹಳೆಯ ಕಾರು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಹತ್ತಿರ ಹೋದಾಗ ಬೈಯುತ್ತಾಳೆ ಅಂದುಕೊಂಡೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟಳು. ನನ್ನದು ಲಾಂಡ್ರಿಯಲ್ಲಿ ಕಲಿತ ಸ್ವೀಡಿಷ್, ಸಿಕ್ಕಿಕೊಂಡ ಕಡೆ ಇರಾ ಬಿಡಿಸಿದಳು.

"ನವೆಂಬರ್‌ನಲ್ಲಿ ಬರ್ತವೆ. ಹಿಮದ ಕೆಳಗಿನ ಪಾಚಿ ಕೆದರಿ ತಿಂತವೆ. ಆಗ ನಿನ್ನ ಬೇಲಿ ಇರತ್ತಾ?" ಎಂದು ಕೇಳಿದಳು.

"ಇರತ್ತೆ. ಹಾಕಲೇಬೇಕಂತೆ."

"ನೀನು ಒಳ್ಳೆಯವಳ ಥರ ಕಾಣ್ತೀಯ. ಮೊದಲು ಬಂದವರೂ ಹಾಗೇ ಇದ್ರಂತೆ, ನಮ್ಮಜ್ಜಿ ಹೇಳೋಳು. ಕಾಗದ ತೋರಿಸಿ, ಕಾಫಿನೂ ಕೊಡ್ತಿದ್ರಂತೆ."

ನಾನು ಕಾಫಿ ಲೋಟವನ್ನು ಅವಳ ಕಾರಿನ ಮೇಲಿಟ್ಟೆ. ಹೀಗೆ ಕಾಗದ ತೋರಿಸಿ ಬೇಲಿ ಹಾಕುವುದು ನನಗೆ ಇದೇ ಮೊದಲಲ್ಲ. ನನಗೆ ಎಂಟು ವರ್ಷವಿದ್ದಾಗ ನಮ್ಮಪ್ಪನಿಗೆ ಊರಾಚೆಯ ಗೋಮಾಳದಲ್ಲಿ ಎರಡು ಎಕರೆ ಮಂಜೂರಾಯಿತು. ಮಹಜರಿನಲ್ಲಿ "ಖಾಲಿ" ಎಂದಿತ್ತು. ಮುಳ್ಳುಬೇಲಿ ಹಾಕಿದೆವು. ಸುಗ್ಗಿ ಮುಗಿದ ಮೇಲೆ ವರ್ಷವರ್ಷವೂ ಅಲ್ಲಿ ಮಂದೆ ನಿಲ್ಲಿಸುತ್ತಿದ್ದ ಕುರಿಯವರು ಆ ವರ್ಷವೂ ಬಂದರು. "ಏನ್ ಯಜಮಾನ್ರೇ, ಬೇಲಿ?" ಎಂದು ಕೇಳಿದ ಅವರಲ್ಲಿ ಹಿರಿಯ. ಅಪ್ಪ ಕಾಗದ ತೋರಿಸಿ, "ಖಾಲಿ ಅಂತ ಬರ್ದವ್ರೆ, ನೋಡಪ್ಪ" ಎಂದರು. ಆ ಮುದುಕ ಕಾಗದ ಮುಟ್ಟಲಿಲ್ಲ. "ನಾವ್ ಇಲ್ದಾಗ ಬಂದ್ ನೋಡಿದ್ರೆ ಖಾಲಿನೇ ಕಾಣ್ತದೆ" ಎಂದು ಹೇಳಿ ಕುರಿ ತಿರುಗಿಸಿಕೊಂಡು ಹೋದ. ಮತ್ತೆ ಬರಲಿಲ್ಲ. ಆ ಎರಡು ಎಕರೆಯ ಕಳೆ ಕೀಳಲು ಆಳು ಸಾಲದೆ ನನ್ನನ್ನು ಏಳನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದರು, ಮತ್ತೆ ಸೇರಿಸಿದರು, ಒಂಬತ್ತರಲ್ಲಿ ಮತ್ತೆ ಬಿಡಿಸಿದರು. ಆ ಜಮೀನಿನಿಂದ ಕುರಿಯವರಿಗೂ ನಷ್ಟವಾಯಿತು, ನನಗೂ ಆಯಿತು. ಲಾಭ ಯಾರಿಗಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ವಾಪಸ್ ಬಂದು ನಿಮಗೆ ಬರೆದೆ, ಅಲ್ಲಿ ಮೇಯುವ ಮಂದೆಯಿದೆ, ನಾಲ್ಕನೇ ಷರತ್ತಿನ ನನ್ನ ಮಾತು ತಪ್ಪು ಎಂದು. ನಿಮ್ಮ ಉತ್ತರ ಎರಡೇ ಸಾಲು: ಏಳು ಅರ್ಜಿದಾರರು ಖುದ್ದಾಗಿ ನೋಡಿ ದೃಢಪಡಿಸಿರುವುದರಿಂದ ಸಾಮಿಯವರು ಮೊದಲೇ ಸಲ್ಲಿಸಿರುವ ಆಕ್ಷೇಪಣೆಯನ್ನು ಪರಿಗಣಿಸುವ ಅಗತ್ಯ ಕಂಡುಬರುವುದಿಲ್ಲ. ಎಂಥ ಜಾಣತನ! ಮುನ್ನೂರು ವರ್ಷಕ್ಕೂ ಮೊದಲಿನಿಂದ ಇರುವವರ ಮಾತನ್ನು, ಹನ್ನೆರಡು ವರ್ಷದ ಹಿಂದೆ ಬಂದು ಹೋಟೆಲಿನ ಚಾದರ ಒಗೆಯುವವಳ ಸಹಿಯಿಂದ ಅಳಿಸುವುದು! ನವೆಂಬರ್‌ನಲ್ಲಿ ಜಗಳವಾದರೆ ನೀವು ಎಲ್ಲಿರುತ್ತೀರಿ? ಬೇಲಿಯ ಈಚೆ ನಾನು, ಆಚೆ ಇಂಗಾ. ನೀವು ಬೆಚ್ಚಗೆ ಕೂತು ನಿಮ್ಮ ಫೀಕಾ ಬಿಡುವಿನಲ್ಲಿ ಕಾಫಿ ಕುಡಿಯುತ್ತಾ, ವಲಸೆಗಾರರಿಗೂ ಸಾಮಿಯವರಿಗೂ ಯಾಕೋ ಹೊಂದಿಕೆಯಾಗುತ್ತಿಲ್ಲ ಎಂದು ವರದಿ ಬರೆಯುತ್ತೀರಿ, ಅಲ್ಲವೇ?

ಅಶ್ವತ್ಥ ಈಗ ನನ್ನ ಫೋನ್ ಎತ್ತುವುದಿಲ್ಲ. ನಂದಕುಮಾರ, "ಏಳೂವರೆ ಎಕರೆ ಕಣೇ, ಜೀವಮಾನದಲ್ಲಿ ಮತ್ತೆ ಸಿಗಲ್ಲ" ಎಂದು ಊಟ ಮಾಡುವಾಗ ಹೇಳಿದರು. ಸಿಗುವುದಿಲ್ಲ ಎಂದು ನನಗೂ ಗೊತ್ತು. ನನಗೂ ಮಣ್ಣಿನ ಆಸೆಯಿದೆ, ಬಾಲ್ಕನಿಯ ಡಬ್ಬದಲ್ಲಿ ಮೆಂತ್ಯ ಬೆಳೆದು ಸಾಕಾಗಿದೆ. ಆದರೂ ಕೇಳುತ್ತಿದ್ದೇನೆ. ನಾಲ್ಕನೇ ಷರತ್ತಿನ ಕೆಳಗಿನ ನನ್ನ ಸಹಿಯನ್ನು ಹೊಡೆದುಹಾಕಿ, ಹೊಡೆದುಹಾಕಿದ್ದೇವೆ ಎಂದು ಸಾಮಿಯವರಿಗೆ ಲಿಖಿತದಲ್ಲಿ ತಿಳಿಸಿ. ಆ ಜಮೀನು ಖಾಲಿ ಎಂದು ಹೇಳುವ ಧೈರ್ಯವಿದ್ದರೆ ನೀವೇ ಹೋಗಿ ನೋಡಿ, ನೀವೇ ಬರೆದು, ನಿಮ್ಮ ಹೆಸರನ್ನೇ ಹಾಕಿ. ಅದರಿಂದ ನನ್ನ ಅರ್ಜಿ ಬಿದ್ದುಹೋಗುವುದಾದರೆ ಬಿದ್ದುಹೋಗಲಿ.

ಇಂತಿ,
ಓದಿದ್ದು ಕಡಿಮೆ, ಓದದೆ ಸಹಿ ಹಾಕಿದ್ದು ಒಂದೇ ಸಲ,
ಕಾಂಚನಾ ನಂದಕುಮಾರ
ಸ್ಟಾಕ್‌ಹೋಮ್, ಜೂನ್ 2016

ಮರೆತಿದ್ದೆ. ಸ್ಥಳ ಪರಿಶೀಲಿಸಿದ ದಿನಾಂಕವನ್ನು ನಾವು ಬರೆದಿರಲಿಲ್ಲ, ನಮೂನೆಯಲ್ಲಿ ಮೊದಲೇ ಅಚ್ಚಾಗಿತ್ತು. ಏಳೂ ಮನೆಯವರ ಪ್ರತಿ ತರಿಸಿ ನೋಡಿದೆ, ಏಳರಲ್ಲೂ ಮಾರ್ಚ್ 14. ಆ ಜಮೀನಿಗೆ ಹೋಗುವ ಒಂದೇ ರಸ್ತೆ ಹಿಮದಿಂದಾಗಿ ಮಾರ್ಚ್ ಹತ್ತರಿಂದ ಇಪ್ಪತ್ತರವರೆಗೆ ಮುಚ್ಚಿತ್ತೆಂದು ನಿಮ್ಮದೇ ಕೊಮ್ಯೂನಿನ ಪ್ರಕಟಣೆಯಲ್ಲಿದೆ. ಆ ದಿನ ಅಲ್ಲಿಗೆ ಯಾರಾದರೂ ಹೋಗಲು ಸಾಧ್ಯವಿತ್ತೇ ಎಂಬುದೊಂದನ್ನು ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಿ.