ಮಳೆಗಾಲದ ರೇಟು

ಜುಲೈ 3, ಬುಧವಾರ. ಸಂಜೆ 6

ಮೂರು ಮನೆ ಮುಗಿಯಿತು. ಎರಡು ಫ್ರಿಜ್, ಒಂದು ವಾಷಿಂಗ್ ಮೆಷೀನ್. ಎ.ಸಿ.ಗೆ ಯಾರೂ ಕರೆಯುತ್ತಿಲ್ಲ. ಮಳೆ ಹಿಡಿದ ಮೇಲೆ ಎ.ಸಿ. ಮೆಕ್ಯಾನಿಕ್ಕನ್ನು ಯಾರು ನೆನೆಯುತ್ತಾರೆ.

ಹಳೇ ಬೈಕು ಮತ್ತೆ ಕೈಕೊಟ್ಟಿತು. ಹನ್ನೊಂದು ಕಿಕ್. ಹನ್ನೆರಡನೆಯದಕ್ಕೆ ಎದುರು ಅಂಗಡಿಯವನು ಕುರ್ಚಿ ಹಾಕಿಕೊಂಡು ಕೂತು ನೋಡತೊಡಗಿದ. ಟೂಲ್ ಬ್ಯಾಗ್ ಸಮೇತ ತಳ್ಳಿಕೊಂಡು ಬಂದೆ.

ದಾರಿಯಲ್ಲಿ ಮಳೆ ಜೋರಾಯಿತೆಂದು ಬೈಕ್ ಶೋರೂಮಿನ ಮುಂದೆ ನಿಂತೆ. ಒಳಗೆ ನೊಣ ಹೊಡೆಯುತ್ತಿದ್ದರು. ಮೂಲೆಯಲ್ಲಿ ಒಂದು ಗಾಡಿ. ಪಾಚಿ ಬಣ್ಣ. ಹೋದ ವರ್ಷದ ತಯಾರಿಕೆ.

"ಒಳಗೆ ಬನ್ನಿ ಸರ್. ನೋಡೋಕೇನೂ ದುಡ್ಡು ಕೊಡ್ಬೇಕಿಲ್ಲ," ಅಂದಳು ಸೇಲ್ಸಿನ ಹುಡುಗಿ.

ಒಳಗೆ ಹೋದೆ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳಿಕೊಂಡು ಬಂದಿದ್ದೇನೆ — ಎ.ಸಿ. ಬೇಕಾದರೆ ಮಳೆಗಾಲದಲ್ಲಿ ಕೊಳ್ಳಿ, ಅರ್ಧಕ್ಕೆ ಬಂದು ಬೀಳುತ್ತದೆ. ಬೈಕಿಗೂ ಅದೇ ನ್ಯಾಯ. ಹುಡುಗಿ ಹೇಳಿದ ರೇಟಿಗೆ ನಕ್ಕುಬಿಟ್ಟೆ. ಅವಳೂ ನಕ್ಕಳು. ಶುರುವಾಯಿತು.

ಇನ್ನೊಂದು. ಎರಡನೇ ಮನೆಯ ಅಜ್ಜಿ, "ಏನಪ್ಪಾ, ಮೂರು ಸಲ ಕೇಳಿದೆ, ಕಲ್ಲಿನ ಥರ ಕೂತಿದ್ದೀಯ," ಅಂದರು. ಕೇಳಿಸಲೇ ಇಲ್ಲ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಅದಕ್ಕೇ ಇರಬೇಕು.

ಜುಲೈ 8, ಸೋಮವಾರ

ಶೋರೂಮಿಗೆ ಮೀಟರ್ ತೆಗೆದುಕೊಂಡೇ ಹೋದೆ. ಬ್ಯಾಟರಿಗೆ ಹಚ್ಚಿ ತೋರಿಸಿದೆ — ನಿಂತೂ ನಿಂತೂ ಸೊರಗಿದೆ. ಟೈರಿನ ತಾರೀಕು ತೋರಿಸಿದೆ. ಹುಡುಗಿ ಮ್ಯಾನೇಜರನ್ನು ಕರೆದಳು. "ಮಳೆಗಾಲ ನೋಡಿ... ಅದೂ ಆ ಬಣ್ಣ..." ಅಂದೆ ಅವನಿಗೆ. ಮ್ಯಾನೇಜರ್ ಕ್ಯಾಲ್ಕುಲೇಟರ್ ಕುಟ್ಟಿದ, ಕತ್ತು ಕೆರೆದುಕೊಂಡ, ಸ್ವಲ್ಪ ಇಳಿದ.

"ಯೋಚನೆ ಮಾಡ್ತೀನಿ," ಎಂದು ಹೊರಟುಬಿಟ್ಟೆ. ಚೌಕಾಸಿಯಲ್ಲಿ ಎದ್ದು ಹೊರಡುವುದೇ ಮುಖ್ಯ. ರೇಟು ನಮ್ಮ ಹಿಂದೆ ಓಡಿಬರಬೇಕು.

ಓಡಿಬರಲಿಲ್ಲ. ಬೀದಿ ಕೊನೆವರೆಗೂ ನೆನೆದುಕೊಂಡು ನಿಧಾನ ನಡೆದೆ. ತಿರುವಿನಲ್ಲಿ ಫೋನ್ ಬಂತು. "ಸರ್, ಹೊಸ ಬ್ಯಾಟರಿ ಹಾಕಿಸಿಕೊಡ್ತೀವಿ. ಒಂದ್ಸಲ ಓಡಿಸಿ ನೋಡಿ."

ಮನೆಯಲ್ಲಿ ಹೇಳಿದೆ. ಇವಳು ಹೊಲಿಗೆ ಮೆಷೀನಿನಿಂದ ತಲೆ ಎತ್ತಲಿಲ್ಲ. "ಪಾಚಿ ಬಣ್ಣವಾ? ಜಾರಿ ಬೀಳ್ತೀರಿ," ಅಂದಳು. ಮಗಳು ಮಾತ್ರ ಕುಣಿದಳು. ಮೊದಲ ರೌಂಡ್ ಅವಳದಂತೆ. ಟ್ಯೂಷನ್ನಿಗೆ ದಿನಾ ನಾನೇ ಬಿಡಬೇಕಂತೆ. ಆಯಿತು ಅಂದೆ.

ಜುಲೈ 12, ಶುಕ್ರವಾರ

ಬರೆಯಬೇಕೋ ಬೇಡವೋ.

ವಕೀಲರ ಮನೆ ಫ್ರಿಜ್. ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದೆ. ಗ್ಯಾಸ್ ಟಾರ್ಚ್ ಹಚ್ಚಿದ್ದು ನೆನಪಿದೆ. ಆಮೇಲೆ ಸುಟ್ಟ ವಾಸನೆ. ನೋಡಿದರೆ ಟಾರ್ಚ್ ಪೈಪಿನ ಕಡೆ ಇಲ್ಲ, ಗೋಡೆಯ ಕಡೆ ಇದೆ. ಅಂಗೈಯಗಲ ಕಪ್ಪಾಗಿದೆ. ಮಧ್ಯದ ಹೊತ್ತು ಎಲ್ಲಿಗೆ ಹೋಯಿತು?

ವಕೀಲರು ಕೋರ್ಟಿಗೆ ಹೋಗಿದ್ದರು. ಮನೆಯಲ್ಲಿ ಮತ್ಯಾರೂ ನೋಡಲಿಲ್ಲ. ಫ್ರಿಜ್ಜನ್ನು ಆ ಕಲೆಗೆ ಅಡ್ಡ ಸರಿಸಿಟ್ಟು ಬಂದೆ.

ಮೆಡಿಕಲ್ ಶಾಪಿನವನು ನಿಶ್ಶಕ್ತಿ ಅಂದ. ವಿಟಮಿನ್ ಮಾತ್ರೆ ಕೊಟ್ಟ. ನಿಶ್ಶಕ್ತಿಯೇ. ಇವಳಿಗೆ ಹೇಳಿದರೆ ಸುಮ್ಮನೆ ರಾದ್ಧಾಂತ.

ಜುಲೈ 19, ಶುಕ್ರವಾರ. ಮಧ್ಯಾಹ್ನ 3

ಟೆಸ್ಟ್ ರೈಡ್. ನಾನು ಮುಂದೆ, ಸೇಲ್ಸಿನ ಹುಡುಗಿ ಹಿಂದೆ — ಶೋರೂಮಿನ ನಿಯಮವಂತೆ. ಎಂಜಿನ್ ಬೆಣ್ಣೆ. ಹಳೇದನ್ನು ಇಷ್ಟು ವರ್ಷ ಹೇಗೆ ಸಹಿಸಿಕೊಂಡೆನೋ.

ಪೆಟ್ರೋಲ್ ಬಂಕ್ ದಾಟಿದ್ದು ನೆನಪಿದೆ. ಆಮೇಲೆ ಭುಜಕ್ಕೆ ನಾಟಿದ ಅವಳ ಉಗುರು. "ಸರ್... ಸರ್... ಸರ್..." ರಸ್ತೆಯ ಆ ಬದಿಗೆ ಹೋಗಿಬಿಟ್ಟಿದ್ದೆ. ಎದುರಿಗೆ ಬಸ್ಸು. ಡ್ರೈವರ್ ದೀಪ ಹಾಕಿ, ಹಾರ್ನ್ ಒತ್ತಿ ಹಿಡಿದಿದ್ದ. ಹೇಗೆ ಎಳೆದುಕೊಂಡೆನೋ ಗೊತ್ತಿಲ್ಲ. ಕನ್ನಡಿಗೆ ಬಸ್ಸಿನ ಗಾಳಿ ಬಡಿಯಿತು.

ಬದಿಗೆ ನಿಲ್ಲಿಸಿದೆ. "ಕಣ್ಣಿಗೆ ಹುಳ ಬಿತ್ತು," ಅಂದೆ.

ಅವಳು ಇಳಿದುಬಿಟ್ಟಳು. ವಾಪಸ್ ಬರುವಾಗ ನನ್ನ ಹಿಂದೆ ಕೂರದೆ ಆಟೋ ಹಿಡಿದಳು.

ಬಂಕಿನಿಂದ ಆ ಜಾಗದವರೆಗೆ ಲೈಟ್ ಕಂಬ ಎಣಿಸಿದೆ. ಐದು. ಐದು ಕಂಬದ ದಾರಿ ನನ್ನ ಲೆಕ್ಕದಲ್ಲೇ ಇಲ್ಲ.

ಜುಲೈ 27, ಶನಿವಾರ

ವಾರವಿಡೀ ಹುಡುಗಿಯ ಫೋನಿಲ್ಲ. ಒಳ್ಳೆಯದೇ ಆಯಿತು, ಈ ಗಾಡಿ ಸಹವಾಸ ಬೇಡ ಅಂದುಕೊಂಡಿದ್ದೆ. ನಿಜವಾಗಿಯೂ ಅಂದುಕೊಂಡಿದ್ದೆ.

ಇವತ್ತು ಮ್ಯಾನೇಜರೇ ಫೋನ್ ಮಾಡಿದ. ತಿಂಗಳ ಕೊನೆ. ಆ ಒಂದು ಗಾಡಿ ಹೋದರೆ ಸಾಕು ಅವನಿಗೆ. ಇನ್ಶೂರೆನ್ಸ್ ಅವರದೇ, ಎರಡು ಹೆಲ್ಮೆಟ್ ಅವರದೇ, ಹಳೇ ಬೈಕಿಗೆ ಗುಜರಿಯವನ ಎರಡರಷ್ಟು. ಇಂಥ ರೇಟು ನನ್ನ ಜನ್ಮದಲ್ಲಿ ಕಂಡಿಲ್ಲ. ಹೋಗಿ ಕಟ್ಟಿಬಂದೆ. ಹುಡುಗಿ ದೂರದ ಟೇಬಲ್ಲಿನಲ್ಲಿ ಕೂತಿದ್ದಳು. ತಲೆ ಎತ್ತಿದಳು, ಮತ್ತೆ ಬಗ್ಗಿಸಿದಳು.

ಸಂಜೆ ಲೈಸೆನ್ಸ್ ರಿನ್ಯೂವಲ್ ಫಾರ್ಮ್ ತುಂಬಿಸಿದೆ. ಅಕ್ಷರ ಚೆನ್ನಾಗಿದೆಯೆಂದು ಮಗಳ ಕೈಲೇ ಬರೆಸಿದೆ. ಅವಳು ಜೋರಾಗಿ ಓದುತ್ತಾ ಹೋದಳು. "ಅಪ್ಪಾ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪೋ ತೊಂದರೆ ಇದೆಯಾ ಅಂತ ಕೇಳಿದಾರೆ."

"ಇಲ್ಲ ಅಂತ ಹಾಕು."

ಹಾಕಿದಳು. ದುಂಡಗಿನ ಅಕ್ಷರದಲ್ಲಿ. ಕೆಳಗೆ ನಾನು ಸಹಿ ಮಾಡಿದೆ.

ಜುಲೈ 31, ಬುಧವಾರ. ಬೆಳಿಗ್ಗೆ 11.30

ಡೆಲಿವರಿಗೆಂದು ಹೋಗಿ ಬರಿಗೈಯಲ್ಲಿ ಬಂದಿದ್ದೇನೆ.

ಗಾಡಿ ತೊಳೆದು ಬಾಗಿಲಲ್ಲಿ ನಿಲ್ಲಿಸಿದ್ದರು. ಕಾಗದಕ್ಕೆಲ್ಲ ಸಹಿ ಆಯಿತು. ಕೀ ಹುಡುಗಿಯ ಮುಷ್ಟಿಯಲ್ಲಿತ್ತು.

"ಸರ್, ಅವತ್ತು ಹುಳ ಬಿದ್ದಿರ್ಲಿಲ್ಲ," ಅಂದಳು. ಮೆತ್ತಗೆ, ನನಗೊಬ್ಬನಿಗೇ ಕೇಳುವಂತೆ. "ಕನ್ನಡೀಲಿ ನಿಮ್ಮ ಮುಖ ನೋಡ್ದೆ. ಕಣ್ಣು ಬಿಟ್ಟೇ ಇದ್ರಿ. ನಾಲ್ಕು ಸಲ ಕೂಗಿದೀನಿ."

"ಅದೆಲ್ಲ ಈಗ್ಯಾಕಮ್ಮಾ. ಕೀ ಕೊಡು."

"ಬಿಲ್ ಆಗಿದೆ, ಗಾಡಿ ನಿಮ್ಮದೇ. ಕೀ ಮಾತ್ರ ನಿಮ್ಮ ಕೈಗೆ ಕೊಡಲ್ಲ. ಮನೆಯಿಂದ ಯಾರಾದ್ರೂ ಬರ್ಲಿ."

"ಮ್ಯಾನೇಜರನ್ನ ಕರಿ."

"ಕರೀತೀನಿ. ಬಸ್ಸಿನ ಮುಂದೆ ಏನಾಯ್ತು ಅಂತ ಅವರ ಎದುರಿಗೇ ಹೇಳ್ತೀನಿ. ಕರೀಲಾ?"

ಬೇಡ ಎಂದು ತಲೆಯಾಡಿಸಿದೆ. ಅವಳ ಮುಖವೂ ಬಿಳಿಚಿಕೊಂಡಿತ್ತು. "ಈ ತಿಂಗಳು ನನ್ನ ಟಾರ್ಗೆಟ್ ಹನ್ನೆರಡು ಸರ್. ನಿಮ್ಮದು ಹನ್ನೆರಡನೇದು. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ," ಅಂದಳು. "ತಪ್ಪಾಯ್ತು."

ಯಾರು ಯಾರಿಗೆ ತಪ್ಪಾಯಿತು ಅನ್ನಬೇಕಿತ್ತೋ. ಎದ್ದು ಬಂದೆ. ಈ ಸಲ ಯಾವ ಫೋನೂ ಬರಲಿಲ್ಲ.

ಸಂಜೆ 5

ಮಗಳು ಸ್ಕೂಲಿನಿಂದ ಓಡಿಬಂದು ಗೇಟಿನ ಹೊರಗೆ ನೋಡಿದಳು. ನಂಬರ್ ಪ್ಲೇಟ್ ಬಂದಿಲ್ಲ ಅಂದೆ.

ಆಗಸ್ಟ್ 1, ಗುರುವಾರ. ಸಂಜೆ

"ಪೂರ್ತಿ ದುಡ್ಡು ಕಟ್ಟಿಸಿಕೊಂಡು ನಂಬರ್ ಪ್ಲೇಟ್ ಇಲ್ಲ ಅಂದ್ರೆ ಏನರ್ಥ? ನಾನೇ ಹೋಗಿ ಕೇಳ್ತೀನಿ," ಎಂದು ಬೆಳಿಗ್ಗೆಯೇ ಹೊರಟಳು ಇವಳು. ತಡೆಯಬಹುದಿತ್ತು. ತಡೆಯಲಿಲ್ಲ. ಒಂದು ಗಂಟೆ ಗಡಿಯಾರ ನೋಡಿಕೊಂಡು ಕೂತೆ.

ಬಂದಳು. ಚಪ್ಪಲಿ ಬಿಡಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ಕೀ ತೆಗೆದು ಟೇಬಲ್ಲಿನ ಮೇಲಿಟ್ಟಳು. ನನ್ನ ಕಡೆ ಅಲ್ಲ, ತನ್ನ ಕಡೆ.

"ನಂಬರ್ ಪ್ಲೇಟ್ ಸೋಮವಾರವೇ ಬಂದಿದೆ. ಆ ಹುಡುಗಿ ಬೇರೇನೂ ಹೇಳ್ಲಿಲ್ಲ. ಅವರನ್ನೇ ಕೇಳಿ ಅಂದ್ಲು. ಕೇಳ್ತಿದೀನಿ."

ಹೇಳಿದೆ. ಅಜ್ಜಿ, ಟಾರ್ಚ್, ಗೋಡೆ, ಬಸ್ಸು, ಐದು ಕಂಬ. ಕೇಳುತ್ತಾ ಕೇಳುತ್ತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬೆರಳು ಕೆಂಪಾಯಿತು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ಒಂದೇ ಒಂದು ಹೇಳಿ. ಆ ಹುಡುಗಿ ಕೀ ಕೊಟ್ಟಿದ್ರೆ, ನಿನ್ನೆ ಸಂಜೆ ಮಗೂನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ರಾ?"

ಇಲ್ಲ ಅನ್ನಲು ಬಾಯಿ ತೆರೆದೆ. ಆಗಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಹೊಲಿಗೆ ಮೆಷೀನಿನ ಸದ್ದು ಕೇಳಿಸಲಿಲ್ಲ.

ಆಗಸ್ಟ್ 9, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಇವಳು ನನ್ನ ಜೊತೆ ಮಾತಾಡಿದ್ದೂ ಅಷ್ಟೇ — ಊಟಕ್ಕೆ ಬನ್ನಿ, ಡಾಕ್ಟರ ಹತ್ತಿರ ಹೋಗೋಣ.

ಸ್ಕ್ಯಾನ್ ಆಯಿತು. ತಲೆಗೆಲ್ಲ ವೈರ್ ಅಂಟಿಸಿ ಇನ್ನೊಂದು ಟೆಸ್ಟ್ ಮಾಡಿದರು. ಗಡ್ಡೆ ಇಲ್ಲ. ಒಂಥರಾ ಫಿಟ್ಸ್, ಬೀಳದೆ ಬರುವಂಥದ್ದು. ನಾನು ಮೀಟರ್ ಹಚ್ಚಿ ಗಾಡಿ ಬ್ಯಾಟರಿ ನೋಡಿದಂತೆ ಡಾಕ್ಟರು ನನ್ನನ್ನು ನೋಡಿದರು.

"ಮಾತ್ರೆ ತಪ್ಪಿಸಬೇಡಿ. ಗಾಡಿ, ಏಣಿ, ಬೆಂಕಿ ಮೂರೂ ಬಂದ್. ಒಂದು ವರ್ಷ ಏನೂ ಆಗದೆ ಇದ್ರೆ ಆಮೇಲೆ ಮಾತಾಡೋಣ."

"ನನ್ನ ಕೆಲಸವೇ ಆ ಮೂರು ಡಾಕ್ಟ್ರೇ," ಅಂದೆ.

"ಮನೆಯವರನ್ನು ಕೇಳಿ, ಕೆಲಸ ಬೇಕಾ ನೀವು ಬೇಕಾ ಅಂತ," ಅಂದರು. ಇವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಗಸ್ಟ್ 17, ಶನಿವಾರ

ಲೈಸೆನ್ಸ್ ಆಫೀಸಿಗೆ ಹೋಗಿ ಅರ್ಜಿ ವಾಪಸ್ ಪಡೆದೆ. ಕಿಟಕಿಯವನು ಕಾರಣ ಬರೆಯಿರಿ ಅಂದ. ನಿಂತೇ ಬರೆದೆ. ನನ್ನದೇ ಕಾಗೆಕಾಲಿನಂಥ ಅಕ್ಷರ. ಮಗಳಿಗೂ ಹೇಳಿದೆ — ಅವಳ ಕೈಲಿ ಸುಳ್ಳು ಬರೆಸಿದ್ದೆ ಎಂದು. ಪುಸ್ತಕದ ಚೀಲ ಹೆಗಲಿಗೇರಿಸಿದಳು. ಆಮೇಲೆ, "ಟ್ಯೂಷನ್ನಿಗೆ ನಡ್ಕೊಂಡೇ ಹೋಗ್ತೀನಿ," ಅಂದಳು. ಸಿಟ್ಟೋ ಸಮಾಧಾನವೋ, ತಿಳಿಯಲಿಲ್ಲ.

ಗಾಡಿ ಇನ್ನೂ ಶೋರೂಮಿನಲ್ಲೇ ಇದೆ ಎಂದು ವಾಸನೆ ಹಿಡಿದು ಭಾವ ಬಂದ. ಇವಳ ಅಣ್ಣ. ಕಾಲು ಮೇಲೆ ಕಾಲು ಹಾಕಿ ಕೂತ. "ನಾನೇ ತಗೋತೀನಿ ಬಿಡಿ. ಆದ್ರೆ ಮಳೆಗಾಲ ನೋಡಿ... ಅದೂ ಆ ಬಣ್ಣ..." ಎಂದು ಒಂದು ರೇಟು ಹೇಳಿದ. ನಾನು ಮ್ಯಾನೇಜರನಿಗೆ ಹೇಳಿದ ಮಾತೇ, ಒಂದಕ್ಷರ ಬದಲಿಲ್ಲದೆ.

ಹೂಂ ಅನ್ನುವುದರಲ್ಲಿದ್ದೆ.

"ಮಾರಲ್ಲ ಅಣ್ಣ," ಅಂದಳು ಇವಳು ಒಳಗಿನಿಂದ. "ನಾನು ಕಲೀತೀನಿ."

ಭಾವ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ.

ಸೆಪ್ಟೆಂಬರ್ 21, ಶನಿವಾರ

ನೂಲುಗಿರಣಿಯ ಹಿಂದಿನ ಖಾಲಿ ಮೈದಾನ. ಇವಳು ಕಲಿಯತೊಡಗಿ ಒಂದು ತಿಂಗಳಾಯಿತು. ಮೊದಲ ವಾರ ಎರಡು ಸಲ ಬಿದ್ದಳು. ಮೊಣಕೈ ತರಚಿತು. "ಕ್ಲಚ್ ಮೆಲ್ಲಗೆ ಬಿಡು, ಕ್ಲಚ್ ಕ್ಲಚ್," ಎಂದು ಪಕ್ಕದಲ್ಲಿ ಓಡಿ ಓಡಿ ನನ್ನ ಗಂಟಲು ಹೋಯಿತು. ದೂರ ಹೋಗಿ ತಿರುಗುವಾಗ ಒಂದು ಗಳಿಗೆ ಮರದ ಮರೆಯಾಗುತ್ತಾಳೆ. ಅಷ್ಟು ಹೊತ್ತು ನನ್ನ ಉಸಿರು ನಿಂತಿರುತ್ತದೆ. ಆಗ ನಾನು ಕೆಲಸಕ್ಕೆ ಹೊರಡುವಾಗೆಲ್ಲ ಇವಳಿಗೆ ಭಯಪಡಲು ಕಾರಣವಿದೆ ಎಂದೇ ಗೊತ್ತಿರಲಿಲ್ಲ. ಗೊತ್ತಾಗಲು ನಾನು ಬಿಟ್ಟಿರಲಿಲ್ಲ.

ನಿನ್ನೆ ಟೆಸ್ಟ್ ಪಾಸಾದಳು.

ಸೆಪ್ಟೆಂಬರ್ 23, ಸೋಮವಾರ. ಬೆಳಿಗ್ಗೆ 8.40

ಇಬ್ಬರೂ ಸೇರಿ ಹೊರಡುವ ಮೊದಲ ಕೆಲಸ. ಸೇತುವೆಯಾಚೆ ಒಂದು ಮನೆ. ನಾನು ಹಿಂದೆ ಕೂರಬೇಕು, ಮಧ್ಯೆ ಟೂಲ್ ಬ್ಯಾಗ್. ಬೆಸುಗೆಯ ಕೆಲಸಕ್ಕೆ ಪರಿಚಯದ ವೆಲ್ಡರ್ ಅಲ್ಲಿಗೇ ಬರುತ್ತಾನೆ. ಸಂಪಾದನೆಯಲ್ಲಿ ಅವನಿಗೊಂದು ಪಾಲು. ಇರಲಿ.

ಮಾತ್ರೆ ಶುರುವಾದ ಮೇಲೆ ನಲವತ್ತೈದು ದಿನ ಏನೂ ಆಗಿಲ್ಲ. ಆಗಿದ್ದರೂ ನನಗೆ ತಿಳಿಯುವುದಿಲ್ಲವಲ್ಲ, ಅದೇ ಇದರ ಗುಣ. ಅದಕ್ಕೆ ದಿನಾ ಸಂಜೆ ಇವಳನ್ನೇ ಕೇಳುತ್ತೇನೆ — "ಇವತ್ತು?" ಅವಳು ಯೋಚಿಸಿ, "ಇಲ್ಲ," ಅನ್ನುತ್ತಾಳೆ. ಆ ಯೋಚಿಸುವ ಹೊತ್ತು ಬಲು ಉದ್ದ. ಹಿಂದೆ ಕೂತಾಗ ಪ್ರಜ್ಞೆ ಹೋದರೆ? ಕೇಳಿದೆ ಬೆಳಿಗ್ಗೆ. ತನ್ನ ಹಳೇ ದುಪ್ಪಟ್ಟಾ ತಂದು ನನ್ನ ಸೊಂಟಕ್ಕೂ ತನ್ನ ಸೊಂಟಕ್ಕೂ ಅಳತೆ ಹಿಡಿದು ನೋಡಿದಳು. ಟೈಲರಲ್ಲವೇ. "ಕಟ್ಕೊಂಡೇ ಹೋಗೋಣ. ನೋಡಿದವರು ನಗ್ಲಿ," ಅಂದಳು.

ಡಾಕ್ಟರು ಇದಕ್ಕೆ ಏನನ್ನುತ್ತಾರೋ. ಇವತ್ತು ಬಸ್ಸಿಗೇ ಹೋಗೋಣ ಎಂದು ಹೇಳಿಬಿಡಲೇ?

ಕೆಳಗೆ ಗಾಡಿ ಸ್ಟಾರ್ಟ್ ಆಯಿತು. ಒಂದೇ ಸಲಕ್ಕೆ. ಕರೆಯುತ್ತಿದ್ದಾಳೆ. ಹೋಗಿ ಹೇಳುತ್ತೇನೆ, ಬಸ್ಸಿಗೆ... ಇಲ್ಲ, ಅವಳೇ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಕೈಯಲ್ಲಿ ದುಪ್ಪಟ್ಟಾ —